ವೀಜಿ: ಹೆಣದಿಂದ ನೂರು ಅಡಿ ಹಿಂದೆ ಸರಿದು ನಿಂತವರು

ಮಾನ್ಯ ಸಂಪಾದಕರೇ,

ಅಪರಾಧ ಸುದ್ದಿಯ ಜೊತೆಗೆ ಅಚ್ಚಾಗುವ ಛಾಯಾಚಿತ್ರಗಳ ಔಚಿತ್ಯದ ಬಗ್ಗೆ ಪತ್ರಿಕೆಗಳಲ್ಲಿ ಚರ್ಚೆ ನಡೆದಾಗ ನ್ಯೂಯಾರ್ಕಿನ ಪತ್ರಿಕಾ ಛಾಯಾಗ್ರಾಹಕ ವೀಜಿ ಅವರ ಹೆಸರು ಒಂದಲ್ಲ ಒಂದು ಕಡೆ ಬಂದೇ ಬರುತ್ತದೆ, ಮತ್ತು ಹೆಚ್ಚಾಗಿ ಕೆಟ್ಟ ಉದಾಹರಣೆಯಾಗಿಯೇ ಬರುತ್ತದೆ. ರಾತ್ರಿಯಿಡೀ ಕೊಲೆಯ ಸುದ್ದಿಗಾಗಿ ಕಾದು ಕುಳಿತು, ನೆತ್ತರು ಆರುವ ಮೊದಲೇ ಹೆಣದ ಚಿತ್ರ ತೆಗೆದು, ಬೆಳಗಿನ ಪತ್ರಿಕೆಗೆ ಮಾರಿ ಹೊಟ್ಟೆ ಹೊರೆದ ಮನುಷ್ಯ ಎಂಬಲ್ಲಿಗೆ ಅವರ ಪರಿಚಯ ಮುಗಿದುಹೋಗುತ್ತದೆ. ಆ ಮಾತಿನಲ್ಲಿ ಸುಳ್ಳಿಲ್ಲ. ಅವರೇ ಅದನ್ನು ಹೆಮ್ಮೆಯಿಂದ ಹೇಳಿಕೊಂಡವರು. ಆದರೆ ಅವರ ಚಿತ್ರಗಳನ್ನು ಬಹುಕಾಲದಿಂದ ನೋಡುತ್ತ ಬಂದಿರುವ ನನಗೆ ಈ ಪರಿಚಯ ತೀರ ಅರ್ಧಂಬರ್ಧವಾಗಿ ಕಾಣುತ್ತದೆ. ಅವರ ಅತ್ಯುತ್ತಮ ಚಿತ್ರಗಳಲ್ಲಿ ಹೆಣ ಯಾವುದೋ ಮೂಲೆಯಲ್ಲಿರುತ್ತದೆ, ಕೆಲವದರಲ್ಲಿ ಇರುವುದೇ ಇಲ್ಲ. ಚಿತ್ರದ ತುಂಬ ಇರುವವರು ಅದನ್ನು ನೋಡಲು ನೆರೆದ ಜನ. ಈ ಸಂಗತಿಯನ್ನು ಬಿಟ್ಟು ವೀಜಿಯವರನ್ನು ಹೊಗಳುವುದೂ ತೆಗಳುವುದೂ ಅವರ ಕೆಲಸವನ್ನು ನೋಡದೆಯೇ ಆಡುವ ಮಾತಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಇದನ್ನು ಸ್ವಲ್ಪ ವಿವರವಾಗಿ ಬರೆಯಲು ತಮ್ಮ ಅಂಕಣದಲ್ಲಿ ಅವಕಾಶ ಕೋರುತ್ತೇನೆ.

ಅವರು ಹುಟ್ಟಿದ್ದು 1899ರ ಜೂನ್ 12ರಂದು, ಆಗ ಆಸ್ಟ್ರಿಯಾ-ಹಂಗೇರಿಯ ಆಳ್ವಿಕೆಯಲ್ಲಿದ್ದ, ಈಗ ಉಕ್ರೇನಿಗೆ ಸೇರಿರುವ ಜೊಲೊಚಿವ್ ಊರಿನ ಒಂದು ಯಹೂದಿ ಕುಟುಂಬದಲ್ಲಿ. ಹೆಸರು ಉಶರ್ ಫೆಲಿಗ್. ತಂದೆ ಮೊದಲೇ ಅಮೆರಿಕ ಸೇರಿದ್ದರು. ತಾಯಿ ಮಕ್ಕಳು ಬಂದು ಕೂಡಿಕೊಂಡಾಗ ಹುಡುಗನಿಗೆ ಹತ್ತು ವರ್ಷದ ಆಸುಪಾಸು, ಮತ್ತು ಉಶರ್ ಎಂಬ ಹೆಸರು ಅಲ್ಲಿ ಆರ್ಥರ್ ಆಯಿತು. ಮ್ಯಾನ್‌ಹಟನ್ನಿನ ಲೋವರ್ ಈಸ್ಟ್ ಸೈಡ್ ಎಂಬ, ವಲಸೆ ಬಂದವರು ಕಿಕ್ಕಿರಿದಿದ್ದ ವಠಾರಗಳ ಬಡಾವಣೆಯಲ್ಲಿ ಆ ಸಂಸಾರ ನೆಲೆ ನಿಂತಿತು. ತಂದೆ ತಳ್ಳುಗಾಡಿಯಲ್ಲಿ ಸಾಮಾನು ಮಾರಿದರು. ಮಗ ಹದಿಹರೆಯದಲ್ಲೇ ಶಾಲೆ ಬಿಟ್ಟು, ಬಳಿಕ ಮನೆಯನ್ನೂ ಬಿಟ್ಟು, ಬಾಡಿಗೆಯ ಗಿಡ್ಡ ಕುದುರೆಯೊಂದರ ಬೆನ್ನ ಮೇಲೆ ಬೀದಿಯ ಮಕ್ಕಳನ್ನು ಕೂರಿಸಿ ಫೋಟೋ ತೆಗೆದು ಅವರ ತಾಯಂದಿರಿಗೆ ಮಾರುವ ಕೆಲಸ ಮಾಡಿದರು. ಕೆಲಸವಿಲ್ಲದ ದಿನಗಳಲ್ಲಿ ಉದ್ಯಾನದ ಬೆಂಚುಗಳ ಮೇಲೆ, ರೈಲು ನಿಲ್ದಾಣದಲ್ಲಿ, ಬೋವರಿ ಎಂಬ ಬೀದಿಯ ಅಗ್ಗದ ವಸತಿಗಳಲ್ಲಿ ಮಲಗಿದರು. ಮುಂದೆ ಅವರು ಬೀದಿಯಲ್ಲಿ ಮಲಗಿದವರ ಚಿತ್ರಗಳನ್ನು ಅಷ್ಟೊಂದು ತೆಗೆದುದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ.

1924ರ ಸುಮಾರಿಗೆ ಆಕ್ಮೆ ನ್ಯೂಸ್‌ಪಿಕ್ಚರ್ಸ್ ಎಂಬ ಸುದ್ದಿಚಿತ್ರ ಸಂಸ್ಥೆಯ ಡಾರ್ಕ್‌ರೂಮಿಗೆ ಸೇರಿಕೊಂಡ ಅವರು ಸುಮಾರು ಹನ್ನೊಂದು ವರ್ಷ ಇತರರು ತೆಗೆದ ಚಿತ್ರಗಳನ್ನು ತೊಳೆದು ಮುದ್ರಿಸಿದರು. ರಾತ್ರಿಪಾಳಿಯಲ್ಲಿ ಹಿರಿಯ ಛಾಯಾಗ್ರಾಹಕರು ಮನೆಗೆ ಹೋದ ಮೇಲೆ ಬೆಂಕಿ ಅನಾಹುತವೋ ಕೊಲೆಯೋ ಆದರೆ ಕ್ಯಾಮೆರಾ ಹಿಡಿದು ಓಡುವ ಅವಕಾಶ ಇವರಿಗೆ ಸಿಗುತ್ತಿತ್ತು; ಚಿತ್ರದ ಕೆಳಗೆ ಹೆಸರು ಮಾತ್ರ ಸಿಗುತ್ತಿರಲಿಲ್ಲ. 1935ರಲ್ಲಿ ಆ ಕೆಲಸ ಬಿಟ್ಟು ಸ್ವತಂತ್ರರಾದರು. ವೀಜಿ ಎಂಬ ಅಡ್ಡಹೆಸರು ಬಂದದ್ದು ಹೇಗೆ ಎಂಬುದಕ್ಕೆ ಒಂದಕ್ಕಿಂತ ಹೆಚ್ಚು ಕಥೆಗಳಿವೆ. ಸತ್ತವರ ಆತ್ಮದೊಡನೆ ಮಾತಾಡಿಸುತ್ತದೆಂದು ಜನ ನಂಬಿದ್ದ ವೀಜಾ ಹಲಗೆಯಂತೆ ಈತನಿಗೂ ಅಪರಾಧ ನಡೆಯುವ ಮೊದಲೇ ಸುಳಿವು ಸಿಗುತ್ತದೆ ಎಂಬ ಕಥೆಯನ್ನೇ ಅವರು ಎಲ್ಲರಿಗೂ ಹೇಳಿ ಬೆಳೆಸಿದರು. ತಮ್ಮ ಬಗ್ಗೆ ದಂತಕಥೆ ಕಟ್ಟಿಕೊಳ್ಳುವ ಈ ಚಪಲ ಅವರಿಗೆ ಕೊನೆಯವರೆಗೂ ಇತ್ತು, ಮತ್ತು ಅದು ಅವರ ಕೆಲಸಕ್ಕೆ ಮಾಡಿದ ಹಾನಿಯ ಬಗ್ಗೆ ಮುಂದೆ ಹೇಳುತ್ತೇನೆ.

ನಿಜದಲ್ಲಿ ಆ ಸುಳಿವಿನ ಹಿಂದೆ ಇದ್ದದ್ದು ಶಿಸ್ತು. ಸೆಂಟರ್ ಸ್ಟ್ರೀಟಿನ ಪೊಲೀಸ್ ಪ್ರಧಾನ ಕಚೇರಿಯ ಹಿಂಬದಿಗೆ, ಸೆಂಟರ್ ಮಾರ್ಕೆಟ್ ಪ್ಲೇಸ್ ಎಂಬ ಸಣ್ಣ ಬೀದಿಯಲ್ಲಿ ಅವರು ಒಂದೇ ಕೋಣೆಯ ಬಾಡಿಗೆ ಮನೆ ಹಿಡಿದಿದ್ದರು. ರಾತ್ರಿ ಹೊತ್ತು ಪೊಲೀಸ್ ಕಚೇರಿಯ ಟೆಲಿಪ್ರಿಂಟರ್ ಮುಂದೆ ನಿಂತು, ನಗರದ ಯಾವ ಮೂಲೆಯಿಂದ ಏನು ಸುದ್ದಿ ಬರುತ್ತದೆ ಎಂದು ಕಾಯುತ್ತಿದ್ದರು. 1938ರಲ್ಲಿ ಪೊಲೀಸ್ ರೇಡಿಯೋ ಕೇಳುವ ಸೆಟ್ಟನ್ನು ತಮ್ಮ ಕಾರಿನಲ್ಲಿ ಇಟ್ಟುಕೊಳ್ಳಲು ಅನುಮತಿ ಪಡೆದ ಮೇಲೆ ಅವರ ಷೆವ್ರೊಲೆ ಕಾರೇ ಅವರ ಕಚೇರಿಯಾಯಿತು. ಅದರ ಡಿಕ್ಕಿಯಲ್ಲಿ ಟೈಪ್‌ರೈಟರ್, ಪೆಟ್ಟಿಗೆಗಟ್ಟಲೆ ಫ್ಲ್ಯಾಶ್ ಬಲ್ಬು, ಫಿಲಂ, ಬೆಂಕಿ ಬಿದ್ದ ಕಟ್ಟಡಗಳೊಳಗೆ ಹೋಗಲು ಬೂಟು, ಬದಲಿ ಬಟ್ಟೆ, ಅವರ ಬಾಯಿಂದ ಎಂದೂ ಇಳಿಯದ ಸಿಗಾರು ಎಲ್ಲವೂ ಇದ್ದವು. ಹತ್ತಿರದ ಕೊಲೆಯ ಸ್ಥಳಕ್ಕೆ ಪೊಲೀಸರ ಜೊತೆಜೊತೆಗೇ, ಕೆಲವೊಮ್ಮೆ ಅವರಿಗಿಂತ ಮೊದಲೇ ತಲುಪುತ್ತಿದ್ದುದರ ಗುಟ್ಟು ಇಷ್ಟೇ: ಊರೆಲ್ಲ ಮಲಗಿದಾಗ ಇವರು ಎಚ್ಚರವಾಗಿ, ಸುದ್ದಿ ಬರುವ ಬಾಗಿಲಲ್ಲೇ ಇರುತ್ತಿದ್ದರು.

ಅವರ ಚಿತ್ರಗಳನ್ನು ಅರ್ಥ ಮಾಡಿಕೊಳ್ಳಲು ಅವರ ಕ್ಯಾಮೆರಾ ಹೇಗೆ ಕೆಲಸ ಮಾಡುತ್ತಿತ್ತು ಎಂಬುದನ್ನು ತಿಳಿಯುವುದು ಅಗತ್ಯವೆಂದು ನನಗನ್ನಿಸುತ್ತದೆ. ಈ ಭಾಗವನ್ನು ಅವರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ. ಆಗಿನ ಪತ್ರಿಕಾ ಛಾಯಾಗ್ರಾಹಕರೆಲ್ಲರ ಕೈಯಲ್ಲಿದ್ದ ಸ್ಪೀಡ್ ಗ್ರಾಫಿಕ್ ಕ್ಯಾಮೆರಾವೇ ಅವರದೂ. ಅದರಲ್ಲಿ ಸುರುಳಿ ಫಿಲಂ ಇರಲಿಲ್ಲ. ನಾಲ್ಕು ಅಂಗುಲ ಅಗಲ, ಐದು ಅಂಗುಲ ಉದ್ದದ ಬಿಡಿ ಹಾಳೆಗಳನ್ನು ಚೌಕಟ್ಟಿನಲ್ಲಿ ಕೂರಿಸಿ ಒಂದೊಂದಾಗಿ ತೆರೆಯಬೇಕಿತ್ತು. ಒಂದು ಬಲ್ಬು ಒಮ್ಮೆ ಉರಿದರೆ ಮುಗಿಯಿತು, ಕೈ ಸುಡುವ ಅದನ್ನು ಕಿತ್ತು ಹೊಸದನ್ನು ಹಾಕಬೇಕು. ಕತ್ತಲಲ್ಲಿ ಫೋಕಸ್ ಮಾಡಲು ಸಮಯವಿಲ್ಲದ್ದರಿಂದ ವೀಜಿ ಎಲ್ಲವನ್ನೂ ಮೊದಲೇ ನಿಗದಿಪಡಿಸಿಕೊಂಡಿದ್ದರು: ಬೆಳಕು ಒಳಬರುವ ದ್ಯುತಿರಂಧ್ರ ಎಫ್-16 ಎಂಬ ಕಿರಿದಾದ ಅಳತೆಗೆ, ಶಟರ್ ವೇಗ ಸೆಕೆಂಡಿನ 200ನೇ ಒಂದು ಭಾಗ, ದೂರ ಹತ್ತು ಅಡಿ. ಹತ್ತು ಅಡಿಯಲ್ಲಿ ಏನಿದೆಯೋ ಅದು ಬೆಳ್ಳಗೆ ಸ್ಪಷ್ಟವಾಗಿ ಮೂಡುತ್ತದೆ. ದೂರ ಇಮ್ಮಡಿಯಾದರೆ ಬೆಳಕು ಕಾಲುಭಾಗಕ್ಕೆ ಇಳಿಯುವುದರಿಂದ ಅದರಾಚೆಯ ಬೀದಿ, ಗೋಡೆ, ಆಕಾಶ ಎಲ್ಲವೂ ಕಪ್ಪಾಗಿಬಿಡುತ್ತವೆ. ವೀಜಿಯವರ ಚಿತ್ರಗಳ ಆ ಪ್ರಸಿದ್ಧ ಕಾರ್ಗತ್ತಲು ಕಲಾವಿದನ ಆಯ್ಕೆಗಿಂತ ಮೊದಲು ಬಲ್ಬಿನ ಮಿತಿ.

ಈ ಲೆಕ್ಕದ ಪ್ರಕಾರ ನೆಲದ ಮೇಲೆ ಬಿದ್ದ ಹೆಣದ ಚಿತ್ರ ತೆಗೆಯುವುದೇ ಎಲ್ಲಕ್ಕಿಂತ ಸುಲಭ. ಅದು ಅಲುಗಾಡುವುದಿಲ್ಲ, ಹತ್ತು ಅಡಿಯಲ್ಲಿ ನಿಂತರೆ ಸಾಕು, ಹಿನ್ನೆಲೆ ತಾನೇ ತಾನಾಗಿ ಮಾಯವಾಗುತ್ತದೆ, ಒಂದು ಬಲ್ಬಿನಲ್ಲಿ ಕೆಲಸ ಮುಗಿಯುತ್ತದೆ. ಪತ್ರಿಕೆಗಳಿಗೆ ಬೇಕಿದ್ದುದೂ ಅದೇ. 1919ರಲ್ಲಿ ಆರಂಭವಾದ ಡೈಲಿ ನ್ಯೂಸ್ ಚಿತ್ರಗಳಿಂದಲೇ ಲಕ್ಷಾಂತರ ಓದುಗರನ್ನು ಗಳಿಸಿತ್ತು. 1928ರ ಜನವರಿಯಲ್ಲಿ ಸಿಂಗ್ ಸಿಂಗ್ ಜೈಲಿನಲ್ಲಿ ರೂತ್ ಸ್ನೈಡರ್ ಎಂಬ ಮಹಿಳೆಯನ್ನು ವಿದ್ಯುತ್ ಕುರ್ಚಿಯಲ್ಲಿ ಮರಣದಂಡನೆಗೆ ಗುರಿಪಡಿಸಿದಾಗ, ಟಾಮ್ ಹೊವರ್ಡ್ ಎಂಬ ಛಾಯಾಗ್ರಾಹಕ ಕಾಲಿನ ಗಿಣ್ಣಿಗೆ ಕ್ಯಾಮೆರಾ ಕಟ್ಟಿಕೊಂಡು ಹೋಗಿ ಕದ್ದು ತೆಗೆದ ಚಿತ್ರವನ್ನು ಆ ಪತ್ರಿಕೆ ಮುಖಪುಟದ ತುಂಬ ಅಚ್ಚು ಹಾಕಿತ್ತು. ವೀಜಿ ಬೀದಿಗೆ ಇಳಿದದ್ದು ಇಂಥ ಮಾರುಕಟ್ಟೆಗೆ. ಚಿತ್ರ ಮಾರಾಟವಾದರೆ ಊಟ, ಇಲ್ಲವಾದರೆ ಇಲ್ಲ. ಎರಡು ಕೊಲೆಗಳ ಚಿತ್ರಕ್ಕೆ ತಮಗೆ 35 ಡಾಲರ್ ಸಂದಾಯವಾದ ಬಗ್ಗೆ ಅವರು ಹೇಳಿಕೊಂಡದ್ದಿದೆ. ಈ ಮೊತ್ತವನ್ನು ಅವರ ನಿರ್ದಯತೆಗೆ ಸಾಕ್ಷಿಯಾಗಿ ಎತ್ತಿ ತೋರಿಸುವವರು ಅದನ್ನು ಕೊಟ್ಟವರು ಯಾರು, ಆ ಚಿತ್ರವಿದ್ದ ಸಂಚಿಕೆಯನ್ನು ಕೊಂಡವರು ಯಾರು ಎಂದೂ ಕೇಳಬೇಕಲ್ಲವೇ?

ಇಂಥ ಮಾರುಕಟ್ಟೆಯಲ್ಲಿ ನಿಂತು ಅವರು 1939ರಲ್ಲಿ ಪ್ರಿನ್ಸ್ ಸ್ಟ್ರೀಟಿನಲ್ಲಿ ತೆಗೆದ ಚಿತ್ರವನ್ನು ಗಮನಿಸಬೇಕೆಂದು ನನ್ನ ವಿನಂತಿ. ಒಂದು ಪುಟ್ಟ ಅಂಗಡಿಯ ಬಾಗಿಲಲ್ಲಿ ಗುಂಡೇಟಿಗೆ ಸತ್ತ ಮನುಷ್ಯ ಬಿದ್ದಿದ್ದಾನೆ. ಬಂದಿದ್ದ ಇತರ ಛಾಯಾಗ್ರಾಹಕರು ವಾಡಿಕೆಯಂತೆ ಹೆಣದ ಹತ್ತಿರ ನಿಂತು ಚಿತ್ರ ತೆಗೆದು ಹೊರಟುಹೋದರೆಂದೂ, ತಾವು ಸುಮಾರು ನೂರು ಅಡಿ ಹಿಂದೆ ಸರಿದು, ಬಲ್ಬಿನ ಬೆಳಕು ಅಷ್ಟು ದೂರಕ್ಕೆ ಮುಟ್ಟದ್ದರಿಂದ ಹಳೆಯ ಕಾಲದ ಫ್ಲ್ಯಾಶ್ ಪುಡಿಯನ್ನು ಉರಿಸಿ ಇಡೀ ಕಟ್ಟಡವನ್ನು ಹಿಡಿದೆನೆಂದೂ ವೀಜಿ ಮುಂದೆ ಹೇಳಿದರು. ಆ ಚಿತ್ರದಲ್ಲಿ ಹೆಣ ಚಿಕ್ಕದು. ಅದರ ಮೇಲೆ, ವಠಾರದ ಕಿಟಕಿಕಿಟಕಿಗಳಲ್ಲಿ, ಬೆಂಕಿ ಬಿದ್ದರೆ ಇಳಿದು ಓಡಲೆಂದು ಗೋಡೆಗೆ ಜೋಡಿಸಿದ ಕಬ್ಬಿಣದ ಮೆಟ್ಟಿಲುಗಳ ಮೇಲೆ, ಮನೆಮಂದಿಯೆಲ್ಲ ಬಗ್ಗಿ ನೋಡುತ್ತಿದ್ದಾರೆ. ಅವರು ಅದಕ್ಕೆ ಕೊಟ್ಟ ಹೆಸರು ಕೊಲೆಗೆ ಬಾಲ್ಕನಿ ಸೀಟು ಎಂಬ ಅರ್ಥದ್ದು. ಲೈಫ್ ಪತ್ರಿಕೆ ಅದನ್ನು ಪ್ರಕಟಿಸಿತು. ಹತ್ತು ಅಡಿಯಿಂದ ನೂರು ಅಡಿಗೆ ಹೋದ ಆ ನಡಿಗೆಗೆ ಮಾರುಕಟ್ಟೆಯ ಒತ್ತಾಯವಿರಲಿಲ್ಲ, ಉಪಕರಣದ ಅನುಕೂಲವಂತೂ ಇರಲೇ ಇಲ್ಲ. ಹತ್ತಿರ ನಿಂತು ನೋಡಿದರೆ ಒಬ್ಬ ಮನುಷ್ಯನ ಸಾವು ಮಾತ್ರ ಕಾಣುತ್ತದೆ, ದೂರ ಸರಿದರೆ ಆ ಸಾವು ಯಾವ ಬೀದಿಯಲ್ಲಿ, ಯಾರ ನಡುವೆ, ಎಂಥ ಬದುಕಿನ ಮಧ್ಯೆ ನಡೆಯಿತು ಎಂಬುದು ಕಾಣುತ್ತದೆ ಎಂದು ಬಲ್ಲವರು ಮಾತ್ರ ಆ ಶ್ರಮ ತೆಗೆದುಕೊಳ್ಳುತ್ತಾರೆ.

ಎರಡು ವರ್ಷಗಳ ನಂತರ, 1941ರ ಅಕ್ಟೋಬರಿನಲ್ಲಿ ಬ್ರೂಕ್ಲಿನ್ನಿನಲ್ಲಿ ತೆಗೆದ ಚಿತ್ರದಲ್ಲಿ ಹೆಣವನ್ನು ಪೂರ್ತಿ ಹೊರಗಿಟ್ಟರು. ಶಾಲೆ ಬಿಡುವ ಹೊತ್ತಿಗೆ ಹತ್ತಿರದ ಬೀದಿಯಲ್ಲಿ ಸಣ್ಣಪುಟ್ಟ ಜೂಜುಗಾರನೊಬ್ಬನ ಕೊಲೆಯಾಗಿತ್ತು. ಮಕ್ಕಳು ಹಿಂಡುಹಿಂಡಾಗಿ ಓಡಿ ಬಂದಿದ್ದಾರೆ. ವೀಜಿ ಕ್ಯಾಮೆರಾವನ್ನು ಆ ಗುಂಪಿನತ್ತ ತಿರುಗಿಸಿದರು. ಚಿತ್ರವನ್ನು ಎಷ್ಟು ಸಲ ನೋಡಿದರೂ ಅದು ಮುಗಿಯುವುದಿಲ್ಲ. ಒಬ್ಬ ಹುಡುಗ ಕತ್ತು ಉದ್ದ ಮಾಡಿ ಮುಂದೆ ನುಗ್ಗುತ್ತಿದ್ದಾನೆ. ಒಬ್ಬಳು ಹುಡುಗಿಯ ಕಣ್ಣು ಅಗಲವಾಗಿ ತೆರೆದಿದೆ. ಕೆಲವರು ನಗುತ್ತಿದ್ದಾರೆ, ಅದೂ ಯಾವ ಅಂಕೆಯೂ ಇಲ್ಲದ ನಗು. ಒಬ್ಬ ಹುಡುಗ ಹೆಣದ ಕಡೆಗಲ್ಲ, ನೇರ ಕ್ಯಾಮೆರಾದೊಳಕ್ಕೆ ನೋಡುತ್ತಿದ್ದಾನೆ. ಇವರೆಲ್ಲರ ನಡುವೆ ಒಬ್ಬ ಹೆಂಗಸು ಮುಖ ಕಿವುಚಿಕೊಂಡು ಅಳುತ್ತಿದ್ದಾಳೆ. ಆಕೆ ಸತ್ತವನ ಸಂಬಂಧಿ ಎಂದು, ಚಿತ್ರ ಅಚ್ಚಾದ ಪಿಎಂ ಎಂಬ ನ್ಯೂಯಾರ್ಕಿನ ದಿನಪತ್ರಿಕೆಯ ಅಡಿಬರಹದಿಂದ ತಿಳಿಯುತ್ತದೆ. ಆ ಒಂದು ಸಾಲು ಓದಿದ ಮೇಲೆ ಚಿತ್ರ ಬೇರೆಯೇ ಆಗುತ್ತದೆ: ನಗುವ ಮಕ್ಕಳೂ ಅಳುವ ಹೆಂಗಸೂ ಒಬ್ಬರ ಮೈಗೆ ಒಬ್ಬರು ತಗುಲಿಕೊಂಡು ನಿಂತಿದ್ದಾರೆ, ಅವಳಿಗೆ ಆದದ್ದೇನೆಂದು ಅವರಿಗೆ ಗೊತ್ತಿಲ್ಲ, ಅಥವಾ ಗೊತ್ತಿದ್ದೂ ತಡೆಯಲಾಗುತ್ತಿಲ್ಲ. ಆ ಮಕ್ಕಳನ್ನು ಕ್ರೂರಿಗಳೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಚಿತ್ರವೂ ಹಾಗೆ ಕರೆಯುವುದಿಲ್ಲ. ಬೆಳಗ್ಗೆ ಪತ್ರಿಕೆ ಬಿಡಿಸಿ ಆ ಪುಟ ನೋಡಿದ ಓದುಗನೂ ಕತ್ತು ಉದ್ದ ಮಾಡಿ ನೋಡಲು ಬಂದವನೇ ತಾನೇ. ಅವನ ಎದುರಿಗೆ ಚಿತ್ರ ಇಟ್ಟದ್ದು ನೋಡುವ ಮುಖಗಳನ್ನೇ.

ಇದಕ್ಕಿಂತ ಮುಂಚಿನ, 1939ರ ಡಿಸೆಂಬರಿನ ಇನ್ನೊಂದು ಚಿತ್ರದಲ್ಲಿ ತಾಯಿಯೂ ಮಗಳೂ ಉರಿಯುತ್ತಿರುವ ವಠಾರದ ಕಡೆಗೆ ಮುಖವೆತ್ತಿ ಅಳುತ್ತಿದ್ದಾರೆ. ಒಳಗೆ ಆ ಮನೆಯದೇ ಇನ್ನೊಬ್ಬ ಮಗಳೂ ಒಂದು ಕೂಸೂ ಸಿಕ್ಕಿಕೊಂಡಿವೆ. ಬೆಂಕಿಯ ಒಂದು ಜ್ವಾಲೆಯೂ ಚಿತ್ರದಲ್ಲಿಲ್ಲ. ಇದನ್ನು ತೆಗೆಯುವಾಗ ತಾನು ಕಣ್ಣೀರಿಟ್ಟೆನೆಂದು ವೀಜಿ ಬರೆದುಕೊಂಡರು. ಅವರ ಇತರ ಮಾತುಗಳನ್ನು ನಾನು ಸ್ವಲ್ಪ ಅನುಮಾನದಿಂದಲೇ ಓದುತ್ತೇನಾದರೂ ಈ ಮಾತನ್ನು ನಂಬುತ್ತೇನೆ, ಏಕೆಂದರೆ ಅಂಥದೇ ವಠಾರದಲ್ಲಿ ಬೆಳೆದವರಿಗೆ ಆ ಬೆಂಕಿ ಬೇರೆಯವರ ಮನೆಯದಾಗಿ ಕಾಣಲು ಸಾಧ್ಯವಿರಲಿಲ್ಲ.

ಹೀಗೆ ನೋಡುವವರನ್ನು ನೋಡುವ ಅಭ್ಯಾಸ ಅವರನ್ನು ಕೊಲೆಯ ಸ್ಥಳದಿಂದ ಆಚೆಗೂ ಕರೆದೊಯ್ದಿತು. 1940ರಲ್ಲಿ ರಾಲ್ಫ್ ಇಂಗರ್ಸಾಲ್ ಅವರ ಸಂಪಾದಕತ್ವದಲ್ಲಿ ಜಾಹೀರಾತು ಇಲ್ಲದೆ ಹೊರಟ ಪಿಎಂ ಪತ್ರಿಕೆ ಅವರ ಚಿತ್ರಗಳಿಗೆ ಪುಟಗಳನ್ನೂ, ಸ್ವಂತ ಮಾತಿನಲ್ಲಿ ಅಡಿಬರಹ ಬರೆಯುವ ಸ್ವಾತಂತ್ರ್ಯವನ್ನೂ ಕೊಟ್ಟಿತು. ಸೆಕೆ ತಾಳಲಾರದೆ ಕಬ್ಬಿಣದ ಮೆಟ್ಟಿಲ ಕಟ್ಟೆಯ ಮೇಲೆ ಒಬ್ಬರ ಮೇಲೊಬ್ಬರು ಬಿದ್ದು ಮಲಗಿದ ಮಕ್ಕಳು, 1940ರ ಜುಲೈನಲ್ಲಿ ಕೋನಿ ಐಲೆಂಡಿನ ಕಡಲ ದಂಡೆಯಲ್ಲಿ ಮರಳೇ ಕಾಣದಷ್ಟು ಕಿಕ್ಕಿರಿದು ಕ್ಯಾಮೆರಾದತ್ತ ತಿರುಗಿದ ಸಾವಿರಾರು ಮುಖಗಳು, ಕತ್ತಲೆಯ ಚಿತ್ರಮಂದಿರದಲ್ಲಿ ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಲ್ಲಿ ಹಿಡಿದ ಪ್ರೇಕ್ಷಕರು, ಇವೆಲ್ಲ ಆ ವರ್ಷಗಳ ಫಲ. 1941ರಲ್ಲಿ ಫೋಟೋ ಲೀಗ್ ಎಂಬ ಛಾಯಾಗ್ರಾಹಕರ ಸಂಘ ಅವರ ಪ್ರದರ್ಶನ ಏರ್ಪಡಿಸಿತು. 1943ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ತನ್ನ ಪ್ರದರ್ಶನವೊಂದರಲ್ಲಿ ಅವರ ಚಿತ್ರಗಳನ್ನು ಸೇರಿಸಿತು.

ಇನ್ನು ಅವರ ಮೇಲಿರುವ ಆರೋಪಗಳ ವಿಷಯ. ಅವರನ್ನು ಮೆಚ್ಚುವವರು ಇಲ್ಲಿಗೆ ಬಂದಾಗ ದನಿ ತಗ್ಗಿಸುತ್ತಾರೆ, ಅದು ಸರಿಯಲ್ಲ. 1943ರ ನವೆಂಬರ್ 22ರಂದು ಮೆಟ್ರೊಪಾಲಿಟನ್ ಒಪೆರಾದ ಋತುವಿನ ಆರಂಭದ ರಾತ್ರಿ, ವಜ್ರದ ಕಿರೀಟ ತೊಟ್ಟ ಇಬ್ಬರು ಶ್ರೀಮಂತ ಮಹಿಳೆಯರು ಒಳಗೆ ನಡೆಯುತ್ತಿರುವಾಗ ಪಕ್ಕದಲ್ಲಿ ಕೆದರಿದ ಕೂದಲಿನ ಬಡ ಹೆಂಗಸೊಬ್ಬಳು ಅವರನ್ನು ದುರುಗುಟ್ಟಿ ನೋಡುವ ಚಿತ್ರ ಬಹುಶಃ ಅವರ ಎಲ್ಲ ಚಿತ್ರಗಳಿಗಿಂತ ಹೆಚ್ಚು ಪ್ರಸಿದ್ಧ. ಆ ಬಡ ಹೆಂಗಸು ಆಕಸ್ಮಿಕವಾಗಿ ಅಲ್ಲಿಗೆ ಬಂದವಳಲ್ಲ. ವೀಜಿಯವರ ಸೂಚನೆಯಂತೆ ಬೋವರಿಯ ಹೆಂಡದಂಗಡಿಯಿಂದ ಆಕೆಯನ್ನು ಕರೆತಂದು, ಕುಡಿಸಿ, ಸರಿಯಾದ ಗಳಿಗೆಗೆ ಮುಂದೆ ಬಿಟ್ಟವನು ತಾನೇ ಎಂದು ಅವರ ಸಹಾಯಕ ಲೂಯಿ ಲಿಯೊಟ್ಟಾ ಬಹಳ ವರ್ಷಗಳ ನಂತರ ಹೇಳಿದರು. ಅಂಚಿನ ಜನರನ್ನೆಲ್ಲ ಕತ್ತರಿಸಿ, ಮೂವರನ್ನೇ ಉಳಿಸಿಕೊಂಡದ್ದರಿಂದ ಚಿತ್ರದ ಏಟು ಇನ್ನೂ ಹೆಚ್ಚಿತು. ಸುದ್ದಿಚಿತ್ರವೆಂದು ಅಚ್ಚಾದದ್ದರಲ್ಲಿ ಇದು ಮೋಸ. ಇದಕ್ಕೆ ಬೇರೆ ಹೆಸರು ನನಗೆ ತೋಚುವುದಿಲ್ಲ. ಬಡತನ, ಸಿರಿತನಗಳ ಅಂತರ ಆ ನಗರದಲ್ಲಿ ನಿಜವಾಗಿ ಇತ್ತು ಎಂಬ ಸಮರ್ಥನೆ ಸಲ್ಲದು. ನಿಜವಾಗಿದ್ದ ಪಕ್ಷದಲ್ಲಿ ಅದನ್ನು ಕಾದು ಹಿಡಿಯಬೇಕಿತ್ತು, ಮತ್ತು ಕಾಯುವುದನ್ನು ಅವರಷ್ಟು ಬಲ್ಲವರು ಆ ಊರಿನಲ್ಲಿ ಇನ್ನೊಬ್ಬರಿರಲಿಲ್ಲ. ಇದಕ್ಕಿಂತ ದುಃಖದ ಸಂಗತಿಯೆಂದರೆ, ಒಂದು ಚಿತ್ರ ಹೂಡಿದ್ದೆಂದು ಗೊತ್ತಾದ ಮೇಲೆ ಉಳಿದ ನಿಜವಾದ ಚಿತ್ರಗಳ ಮೇಲೂ ಆ ನೆರಳು ಬೀಳುತ್ತದೆ.

ಎರಡನೆಯ ಆಕ್ಷೇಪ ನನಗೆ ಮೊದಲನೆಯದಕ್ಕಿಂತ ಕಷ್ಟದ್ದು. ಅವರು ಯಾರ ಅನುಮತಿಯನ್ನೂ ಕೇಳಲಿಲ್ಲ. ಮಲಗಿದವರು, ಅಳುವವರು, ಗಾಯಗೊಂಡವರು, ಕೈಕೋಳ ಬಿದ್ದವರು ಯಾರಿಗೂ ಬೇಡವೆನ್ನುವ ಅವಕಾಶ ಸಿಗಲಿಲ್ಲ. 1942ರ ಒಂದು ಚಿತ್ರದಲ್ಲಿ ಪೊಲೀಸ್ ವ್ಯಾನಿನೊಳಗಿನ ಇಬ್ಬರು ಬಂಧಿತರು ತಮ್ಮ ಎತ್ತರದ ಟೋಪಿಗಳನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡಿದ್ದಾರೆ. ನೋಡುವವರಿಗೆ ತಮಾಷೆಯಾಗಿ ಕಾಣುವ ಆ ಚಿತ್ರ, ಮುಖವನ್ನು ಉಳಿಸಿಕೊಳ್ಳಲು ಇಬ್ಬರು ನಡೆಸಿದ ಹೋರಾಟವೂ ಹೌದು. ಹೆಣ್ಣುಡುಗೆಯ ಕಾರಣಕ್ಕೆ ಬಂಧಿತನಾದ ಒಬ್ಬ ಯುವಕ ಮಾತ್ರ ವ್ಯಾನಿನಿಂದ ಇಳಿಯುವಾಗ ಲಂಗವನ್ನು ತುಸು ಎತ್ತಿ ಹಿಡಿದು, ಕ್ಯಾಮೆರಾ ನೋಡಿ ನಕ್ಕಿದ್ದಾನೆ. ನಾಚಬೇಕಾದವನು ತಾನಲ್ಲ ಎಂಬ ನಗು ಅದು. ಆ ಚಿತ್ರಕ್ಕಾಗಿ ವೀಜಿಯವರಿಗೆ ನಾನು ಕೃತಜ್ಞ. ಆದರೆ ಟೋಪಿಯ ಹಿಂದಿನ ಇಬ್ಬರಿಗೂ ಬ್ರೂಕ್ಲಿನ್ನಿನ ಅಳುವ ಹೆಂಗಸಿಗೂ ಆ ಕೃತಜ್ಞತೆಯಿಂದ ಯಾವ ಪರಿಹಾರವೂ ಸಿಗುವುದಿಲ್ಲ ಎಂಬುದನ್ನು ಮರೆಯಲಾರೆ.

1945ರಲ್ಲಿ ಅವರ ಮೊದಲ ಚಿತ್ರಸಂಪುಟ ನೇಕೆಡ್ ಸಿಟಿ ಬಂದು ಭಾರಿ ಯಶಸ್ಸು ಗಳಿಸಿತು, ಆ ಹೆಸರಿನ ಹಕ್ಕನ್ನು ಹಾಲಿವುಡ್ ಕೊಂಡಿತು, ಅವರೂ ಕ್ಯಾಲಿಫೋರ್ನಿಯಾಕ್ಕೆ ಹೋದರು. ಅಲ್ಲಿಂದ ಮುಂದಿನ ಕೆಲಸದಲ್ಲಿ, ತಾರೆಯರ ಮುಖಗಳನ್ನು ಗಾಜುಗಳ ಮೂಲಕ ಸೊಟ್ಟಗೆ ತಿರುಚಿ ತೆಗೆದ ಚಿತ್ರಗಳಲ್ಲಿ, ನನಗೆ ಹಳೆಯ ವೀಜಿ ಸಿಗುವುದಿಲ್ಲ. 1968ರ ಡಿಸೆಂಬರ್ 26ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಅವರ ಕೊನೆಯ ವರ್ಷಗಳ ಸಂಗಾತಿ ವಿಲ್ಮಾ ವಿಲ್ಕಾಕ್ಸ್ ಅವರು ಜತನದಿಂದ ಕಾಪಾಡಿದ ಸಾವಿರಾರು ಚಿತ್ರಗಳೂ ನೆಗೆಟಿವ್‌ಗಳೂ 1993ರಲ್ಲಿ ಆ ನಗರದ ಇಂಟರ್‌ನ್ಯಾಷನಲ್ ಸೆಂಟರ್ ಆಫ್ ಫೋಟೋಗ್ರಫಿಯನ್ನು ಸೇರಿದವು. ಆಕೆ ಇಲ್ಲದಿದ್ದರೆ ಈ ಪತ್ರದಲ್ಲಿ ಹೇಳಿದ ಎಷ್ಟೋ ಸಂಗತಿಗಳನ್ನು ಇಂದು ಪರಿಶೀಲಿಸಲು ಆಗುತ್ತಿರಲಿಲ್ಲ, ಆದರೂ ಅವರ ಹೆಸರನ್ನು ಹೇಳುವವರು ವಿರಳ.

ಹೀಗೆ ನೋಡುವವರನ್ನು ನೋಡಿದವರು ವೀಜಿ ಒಬ್ಬರೇ ಅಲ್ಲ. ಮೆಕ್ಸಿಕೊ ನಗರದಲ್ಲಿ ಬಾಲ್ಯದಲ್ಲೇ ಕ್ಯಾಮೆರಾ ಹಿಡಿದು, ದಶಕಗಳ ಕಾಲ ಅಪಘಾತ, ಕೊಲೆಗಳ ಚಿತ್ರ ತೆಗೆದು, 2022ರಲ್ಲಿ ತೀರಿಕೊಂಡ ಎನ್ರಿಕೆ ಮೆಟಿನಿಡೆಸ್ ಅವರ ಚಿತ್ರಗಳಲ್ಲೂ ಹಿಂದೆ ಸಾಲಾಗಿ ನಿಂತ ಜನರ ಮುಖಗಳನ್ನು ಕಾಣಬಹುದು. ಇಟಲಿಯ ಪಲೆರ್ಮೊ ನಗರದಲ್ಲಿ ಲೋರಾ ಪತ್ರಿಕೆಗಾಗಿ ಮಾಫಿಯಾ ಕೊಲೆಗಳನ್ನು ಚಿತ್ರಿಸಿದ, ಅದೇ ವರ್ಷ ನಿಧನರಾದ ಲೆಟೀಷಿಯಾ ಬಟ್ಟಾಲ್ಯಾ ಅವರಂತೂ ಸತ್ತವರ ಪಕ್ಕದಲ್ಲಿ ಕುಸಿದ ಹೆಂಡಂದಿರು, ತಾಯಂದಿರು, ಅದೇ ಬಡಾವಣೆಯ ಮಕ್ಕಳು, ಇವರನ್ನು ಬಿಟ್ಟು ಕೊಲೆಯನ್ನು ತೋರಿಸಲು ಒಪ್ಪಲೇ ಇಲ್ಲವೆನ್ನಬಹುದು. ಅಪರಾಧದ ಚಿತ್ರ ತೆಗೆಯುವ ಕಸುಬಿನಲ್ಲಿ ಗೌರವಕ್ಕೆ ಪಾತ್ರವಾದ ದಾರಿ ಯಾವುದೆಂದು ಇವರಿಬ್ಬರ ಕೆಲಸವೂ ತೋರಿಸುತ್ತದೆ.

ಆದ್ದರಿಂದ ತಮ್ಮಲ್ಲಿ ನನ್ನದೊಂದು ಕೋರಿಕೆ. ವೀಜಿಯವರ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಲೇಖನ ಬರುವಾಗ ರಕ್ತದ ಮಡುವಿನಲ್ಲಿ ಬಿದ್ದ ಹೆಣವೊಂದರ ಚಿತ್ರವನ್ನು ಆರಿಸುವ ಬದಲು ಪ್ರಿನ್ಸ್ ಸ್ಟ್ರೀಟಿನ ಚಿತ್ರವನ್ನೂ ಬ್ರೂಕ್ಲಿನ್ನಿನ ಶಾಲಾಮಕ್ಕಳ ಚಿತ್ರವನ್ನೂ ಹಾಕಬೇಕು. ಪುಟದ ಅಳತೆಗೆ ಹೊಂದಿಸಲು ಅವುಗಳ ಅಂಚನ್ನು ಕತ್ತರಿಸಬಾರದು, ಏಕೆಂದರೆ ಅವರ ಚಿತ್ರಗಳಲ್ಲಿ ಮುಖ್ಯವಾದದ್ದು ಅನೇಕ ಸಲ ಅಂಚಿನಲ್ಲೇ ಇರುತ್ತದೆ. ಸ್ಥಳ, ವರ್ಷ, ಮೂಲದ ಅಡಿಬರಹದ ಸಾರಾಂಶ ಕೆಳಗೆ ಇರಬೇಕು. ಒಪೆರಾದ ಚಿತ್ರವನ್ನು ಹಾಕುವುದಾದರೆ ಅದನ್ನು ಹೂಡಿದ ಬಗೆಯನ್ನು ಲೇಖನದ ಒಳಗೆಲ್ಲೋ ಅಲ್ಲದೆ ಚಿತ್ರದ ಕೆಳಗೇ, ಓದುಗರಿಗೆ ಮೊದಲ ನೋಟಕ್ಕೆ ಸಿಗುವಂತೆ ಅಚ್ಚು ಮಾಡಬೇಕು.

ಇಂತಿ ತಮ್ಮ ವಿಶ್ವಾಸಿ,
ಓರ್ವ ಓದುಗ